ಮೊದಲು ಗೋಡೆಯನ್ನು ಓದಿದವರು

ಕಳೆದ ಸೆಪ್ಟೆಂಬರ್ 15ರಂದು ಚನ್ನಗಿರಿಯ ಒಂದು ಹಳೆಯ ಸಭಾಂಗಣದಲ್ಲಿ ಎಂಜಿನಿಯರುಗಳ ದಿನಾಚರಣೆ ಏರ್ಪಾಡಾಗಿತ್ತು. ನಿವೃತ್ತ ಎಂಜಿನಿಯರನೆಂಬ ಕಾರಣಕ್ಕೆ ನಾಲ್ಕು ಮಾತನಾಡಲು ನನ್ನನ್ನೂ ಕರೆದಿದ್ದರು. ಸಭೆ ಆರಂಭವಾಗಲು ಇನ್ನೂ ಅರ್ಧ ಗಂಟೆ ಇತ್ತು. ಸರ್ ಎಂ. ವಿಶ್ವೇಶ್ವರಯ್ಯನವರ ಭಾರಿ ಗಾತ್ರದ ಭಾವಚಿತ್ರವೊಂದನ್ನು ವೇದಿಕೆಯ ಹಿಂದಿನ ಗೋಡೆಗೆ ತೂಗುಹಾಕುವ ಕೆಲಸ ನಡೆದಿತ್ತು. ವಿದ್ಯುತ್ ಕೆಲಸದ ಹುಡುಗ ಡ್ರಿಲ್ ಯಂತ್ರದಿಂದ ಒಂದು ರಂಧ್ರ ಕೊರೆದ, ಅದರಲ್ಲಿ ಆ್ಯಂಕರ್ ಇಟ್ಟ, ಅದರ ನಡುವಿನ ಮೊಳೆಗೆ ಸುತ್ತಿಗೆಯಿಂದ ಎರಡು ಏಟು ಕೊಟ್ಟ. ಒಂದು ನಿಮಿಷದೊಳಗೆ ಕೆಲಸ ಮುಗಿಯಿತು. ಚಿತ್ರಕ್ಕೆ ಹಾರ ಹಾಕಿದ್ದೂ ಆಯಿತು. ಸ್ವಾಗತ ಭಾಷಣದ ನಡುವೆ ಆ ಆ್ಯಂಕರ್, ಹಿಡಿಯಷ್ಟು ಗಾರೆಯ ಪುಡಿಯೊಂದಿಗೆ, ಗೋಡೆಯಿಂದ ಕಳಚಿಕೊಂಡಿತು. ಚಿತ್ರ ನೆಲಕ್ಕೆ ಬಿದ್ದು ಗಾಜು ಒಡೆಯಿತು.

ಅದೃಷ್ಟವಶಾತ್ ಯಾರಿಗೂ ಪೆಟ್ಟಾಗಲಿಲ್ಲ. ಸಭಿಕರಲ್ಲಿ ಕೆಲವರು ನಕ್ಕರು, ಕೆಲವರು ಅಪಶಕುನವೆಂದು ಪಿಸುಗುಟ್ಟಿದರು. ಹುಡುಗ ಆ್ಯಂಕರ್ ತಯಾರಿಸಿದವರನ್ನು ಬೈದ. ನಾನು ಎದ್ದುಹೋಗಿ ಗೋಡೆಯನ್ನು ನೋಡಿದೆ. ರಂಧ್ರ ಬಿದ್ದಿದ್ದುದು ಎರಡು ಇಟ್ಟಿಗೆಗಳ ನಡುವಿನ, ಕಾಲದಿಂದ ಸತ್ವ ಕಳೆದುಕೊಂಡಿದ್ದ ಸುಣ್ಣದ ಗಾರೆಯ ಸಂದಿನಲ್ಲಿ. ಆ್ಯಂಕರ್‌ನಲ್ಲಿ ಯಾವ ದೋಷವೂ ಇರಲಿಲ್ಲ. ಎರಡು ಅಂಗುಲ ಪಕ್ಕಕ್ಕೆ, ಗಟ್ಟಿ ಇಟ್ಟಿಗೆಯ ನಡುಭಾಗದಲ್ಲಿ ಕೊರೆದಿದ್ದರೆ ಆ ಚಿತ್ರ ಇನ್ನೂ ಅಲ್ಲಿಯೇ ಇರುತ್ತಿತ್ತು. ನಾನು ಬರೆದುಕೊಂಡು ಹೋಗಿದ್ದ ಭಾಷಣ ಜೇಬಿನಲ್ಲಿಯೇ ಉಳಿಯಿತು. ಅಂದು ಹೇಳಿದ್ದನ್ನೂ ಹೇಳಲು ಹಿಂಜರಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಸುತ್ತಿಗೆಯಿಂದ ಬಡಿದು ಕೂರಿಸುವ ಆ್ಯಂಕರ್ ಬಹಳ ಸರಳವಾದ ವಸ್ತು. ಲೋಹದ ಅಥವಾ ನೈಲಾನಿನ ಒಂದು ಕೊಳವೆ. ಅದರೊಳಗೆ ಒಂದು ಉಕ್ಕಿನ ಮೊಳೆ. ಕೊಳವೆಯ ತುದಿ ಸೀಳಿರುತ್ತದೆ. ಮೊಳೆಯನ್ನು ಬಡಿದಾಗ ಆ ಸೀಳು ಅಗಲಗೊಂಡು ರಂಧ್ರದ ಒಳಮೈಯನ್ನು ಒತ್ತುತ್ತದೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಅದರ ಹಿಡಿತ. ಅಂದರೆ ಆ್ಯಂಕರ್‌ಗೆ ತನ್ನದೆಂಬ ಬಲ ಅತ್ಯಲ್ಪ; ಅದು ಗೋಡೆಯಿಂದ ಕಡ ತರುವ ಬಲವೇ ಹೆಚ್ಚು. ಗೋಡೆ ಬಡವನಾದರೆ ಸಾಲ ಹುಟ್ಟುವುದಿಲ್ಲ.

ಆದ್ದರಿಂದ ಇದರ ನಿಯಮಗಳೆಲ್ಲವೂ ಗೋಡೆಯ ಕುರಿತಾದವೇ ಆಗಿವೆ. ರಂಧ್ರದ ವ್ಯಾಸ ಆ್ಯಂಕರ್‌ನ ವ್ಯಾಸಕ್ಕೆ ಸರಿಸಮವಾಗಿರಬೇಕು. ಕೈ ಅಲುಗಿ ರಂಧ್ರ ಅಗಲವಾದರೆ ಹಿಡಿತ ಹೋಯಿತು. ಆಳ ಆ್ಯಂಕರ್‌ಗಿಂತ ತುಸು ಹೆಚ್ಚಿರಬೇಕು. ಇಲ್ಲವಾದರೆ ತಳದಲ್ಲಿ ಕುಳಿತ ಪುಡಿ ಅದನ್ನು ಪೂರ್ತಿ ಇಳಿಯಗೊಡುವುದಿಲ್ಲ. ಒಳಗಿನ ಧೂಳನ್ನು ಊದಿ, ಉಜ್ಜಿ ತೆಗೆಯಬೇಕು. ಅಂಚಿನಿಂದ ಆ್ಯಂಕರ್‌ನ ವ್ಯಾಸದ ಐದು ಪಟ್ಟು, ಒಂದರಿಂದ ಇನ್ನೊಂದಕ್ಕೆ ಹತ್ತು ಪಟ್ಟು ಅಂತರ ಬಿಡುವುದು ವಾಡಿಕೆ. ಹತ್ತಿರ ಹತ್ತಿರ ಹೊಡೆದರೆ ಕಾಂಕ್ರೀಟು ಶಂಕುವಿನಾಕಾರದಲ್ಲಿ ಕಿತ್ತು ಬರುತ್ತದೆ. ಹಸಿ ಕಾಂಕ್ರೀಟಿಗೆ 28 ದಿನಗಳಾದರೂ ಬಲಿಯಲು ಅವಕಾಶ ಕೊಡಬೇಕು. ಟೊಳ್ಳು ಬ್ಲಾಕಿನ ಗೋಡೆಗೆ ಇದು ಸಲ್ಲದು. ತಲೆಯ ಮೇಲೆ ತೂಗುವ, ಸದಾ ಅದುರುವ ಭಾರಕ್ಕಂತೂ, ಉದಾಹರಣೆಗೆ ಫ್ಯಾನಿಗೆ, ಇದನ್ನು ನೆಚ್ಚಲೇಬಾರದು. ಇವೆಲ್ಲಕ್ಕೂ ಮೊದಲಿನ ನಿಯಮ ಒಂದಿದೆ: ಕೊರೆಯುವ ಮೊದಲು ಗೋಡೆಯನ್ನು ತಟ್ಟಿ ನೋಡಬೇಕು. ಗಾರೆಯ ಹಿಂದೆ ಇರುವುದು ಕಲ್ಲೋ, ಇಟ್ಟಿಗೆಯೋ, ಮಣ್ಣೋ ಎಂಬುದನ್ನು ತಿಳಿಯಬೇಕು.

ಅಂದು ನೆಲಕ್ಕೆ ಬಿದ್ದ ಚಿತ್ರದಲ್ಲಿದ್ದ ಮಹನೀಯರ ಇಡೀ ವೃತ್ತಿಜೀವನವನ್ನು ಈ ಮೊದಲ ನಿಯಮದ ವಿಸ್ತರಣೆಯೆಂದು ನಾನು ಓದುತ್ತೇನೆ. ಅವರನ್ನು ಕುರಿತ ಕಥೆಗಳು ನಮ್ಮಲ್ಲಿ ಅಸಂಖ್ಯ. ರೈಲು, ಮೇಣದ ಬತ್ತಿಗಳ ಕಥೆಗಳನ್ನು ಕೇಳದ ಶಾಲಾಬಾಲಕನಿಲ್ಲ. ಅವುಗಳನ್ನು ಬದಿಗಿಟ್ಟು ದಾಖಲೆಯಲ್ಲಿರುವ ಕೆಲಸಗಳನ್ನಷ್ಟೇ ನೋಡಿದರೂ ಸಾಕು.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಲ್ಲಿ, ಮನೆಪಾಠ ಹೇಳಿ ಸಂಪಾದಿಸುತ್ತ, ಸೆಂಟ್ರಲ್ ಕಾಲೇಜಿನಲ್ಲಿ ಓದಿ ಪದವಿ ಪಡೆದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಮುಟ್ಟಿಸಿತು. 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ದೊರೆಯಿತು. ಮರುವರ್ಷವೇ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರರಾಗಿ ಸೇರಿದರು.

ಅವರ ಮೊದಲ ಕಠಿಣ ಪರೀಕ್ಷೆ ಖಾನದೇಶದಲ್ಲಿ ಎದುರಾಯಿತು. ಪಾಂಝರಾ ನದಿಯ ಕಾಲುವೆಯ ನೀರನ್ನು ಅಡ್ಡಲಾಗಿ ದಾಟಿಸಲು ಕೊಳವೆಯ ಸೈಫನ್ ಒಂದನ್ನು ಅವರು ಕಟ್ಟಬೇಕಿತ್ತು. ಮಳೆಗಾಲದ ಪ್ರವಾಹ ಕೆಲಸವನ್ನು ಮುಚ್ಚಿಹಾಕುತ್ತಿತ್ತು. ಮಳೆ ಕಳೆದ ಮೇಲೆ ಮುಂದುವರಿಸಬಹುದೇ ಎಂದು ಕೇಳಿದ ಕಿರಿಯ ಅಧಿಕಾರಿಯ ವಿಷಯದಲ್ಲಿ ಮೇಲಧಿಕಾರಿಗೆ ಸಮಾಧಾನವಾಗಲಿಲ್ಲ. ಕೊನೆಗೆ ಅದೇ ಹೊಳೆಯ ಸ್ವಭಾವವನ್ನು ಅರಿತುಕೊಂಡು ಅವರು ಕೆಲಸ ಮುಗಿಸಿದರು. ಹೊಳೆ, ನೆಲ, ಮಳೆ ಇವು ಕಾಗದದ ಮೇಲಿನ ನಕ್ಷೆಗೆ ವಿಧೇಯವಲ್ಲವೆಂಬ ಪಾಠ ಬಹುಶಃ ಅಲ್ಲಿಯೇ ಆಯಿತು.

ಹತ್ತು ವರ್ಷಗಳ ತರುವಾಯ ಅವರನ್ನು ಸಿಂಧ್ ಪ್ರಾಂತ್ಯದ ಸಕ್ಕರಿಗೆ ಕಳುಹಿಸಲಾಯಿತು. ಸಿಂಧೂ ನದಿಯ ಕೆಸರು ನೀರನ್ನು ಊರಿಗೆ ಕುಡಿಯುವ ನೀರಾಗಿ ಒದಗಿಸಬೇಕು. ಸೋಸುವ ತೊಟ್ಟಿಗಳನ್ನು ಕಟ್ಟಲು ಪುರಸಭೆಯಲ್ಲಿ ಹಣವಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿದರು. ನದಿಯ ಮರಳೇ ನೀರನ್ನು ಸೋಸಿಕೊಟ್ಟಿತು. ಹೊರಗಿನಿಂದ ದುಬಾರಿ ಉಪಕರಣ ತಂದು ಸ್ಥಳದ ಮೇಲೆ ಹೇರುವ ಬದಲು ಸ್ಥಳದಲ್ಲಿ ಏನಿದೆ ಎಂದು ಮೊದಲು ಕೇಳಿಕೊಳ್ಳುವ ಈ ರೀತಿ ಮುಂದೆ ಅವರ ಹೆಗ್ಗುರುತಾಯಿತು.

ಈ ರೀತಿಯ ಅತ್ಯುತ್ತಮ ನಿದರ್ಶನ ಪುಣೆಯ ಬಳಿಯ ಖಡಕ್‌ವಾಸ್ಲಾ. ಅಲ್ಲಿ ಅವರಿಗಿಂತ ಹಿಂದಿನವರು ಕಟ್ಟಿದ ಕಲ್ಲಿನ ಅಣೆಕಟ್ಟು ಇತ್ತು. ಮಳೆಗಾಲದಲ್ಲಿ ಅದರ ಕೋಡಿಯ ಮೇಲೆ ನೀರು ತುಂಬಿ ಹರಿದು ವ್ಯರ್ಥವಾಗುತ್ತಿತ್ತು. ಬೇಸಗೆಯಲ್ಲಿ ನಗರಕ್ಕೂ ಹೊಲಗಳಿಗೂ ಕೊರತೆ. ಕಟ್ಟೆಯನ್ನೇ ಎತ್ತರಿಸುವುದು ಎಲ್ಲರಿಗೂ ಹೊಳೆಯುವ ಪರಿಹಾರ. ಆದರೆ ಹಳೆಯ ಕಟ್ಟಡವೊಂದು ತಾನು ಹೊರಲು ಕಟ್ಟಿಸಿಕೊಂಡ ಭಾರವನ್ನು ಮಾತ್ರ ಹೊರಬಲ್ಲದು. ಪ್ರವಾಹದ ವೇಳೆ ಏರುವ ನೀರಿಗೆ ದಾರಿ ಬಿಡದೆ ಕೋಡಿಯನ್ನು ಶಾಶ್ವತವಾಗಿ ಮುಚ್ಚಿದರೆ ಕಟ್ಟೆಗೇ ಅಪಾಯ.

ಅವರು ಕೋಡಿಯ ಮೇಲೆ ಸ್ವಯಂಚಾಲಿತ ಬಾಗಿಲುಗಳನ್ನು ಕೂರಿಸಿದರು. ನೀರು ಗೊತ್ತಾದ ಮಟ್ಟಕ್ಕೆ ಬರುವವರೆಗೆ ಬಾಗಿಲುಗಳು ಮುಚ್ಚಿರುತ್ತವೆ. ಆ ಮಟ್ಟ ಮೀರಿದೊಡನೆ ನೀರಿನ ಶಕ್ತಿಯಿಂದಲೇ ತೆರೆದುಕೊಳ್ಳುತ್ತವೆ, ನೀರು ಇಳಿದಾಗ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. 1903ರ ಹೊತ್ತಿಗೆ ಕೆಲಸಮಾಡತೊಡಗಿದ ಈ ಬಾಗಿಲುಗಳಿಂದ ಸಂಗ್ರಹದ ಮಟ್ಟ ಸುಮಾರು 8 ಅಡಿ ಏರಿತು. ಹಳೆಯ ಕಟ್ಟೆಯ ಮೇಲೆ ಅದು ತಾಳಲಾರದ ಹೊರೆ ಬೀಳಲಿಲ್ಲ. ಈ ರಚನೆಗೆ ಅವರ ಹೆಸರಿನಲ್ಲಿ ಪೇಟೆಂಟ್ ದೊರೆಯಿತು. ಅದರಿಂದ ರಾಯಧನ ಪಡೆಯಲು ಅವರು ಒಪ್ಪಲಿಲ್ಲ. ಹಳೆಯ ಕಲ್ಲಿಗೆ ಹೊಸ ಕಬ್ಬಿಣವನ್ನು ಜೋಡಿಸುವ ಪ್ರತಿಯೊಬ್ಬ ಕೆಲಸಗಾರನಿಗೂ ಇದರಲ್ಲಿ ಪಾಠವಿದೆ.

1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿಯ ಮಹಾಪೂರ ಹೈದರಾಬಾದನ್ನು ಹಾಳುಗೆಡವಿತು. ಮುಂಬಯಿ ಸೇವೆಯಿಂದ ಹೊರಬಂದಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮ ಸರ್ಕಾರ ಸಲಹೆಗಾಗಿ ಕರೆಸಿಕೊಂಡಿತು. ನಗರದ ದಡಗಳಿಗೆ ಗೋಡೆ ಕಟ್ಟಿ ಕೈತೊಳೆದುಕೊಳ್ಳುವ ಬದಲು ಅವರು ನದಿಯ ಮೇಲ್ಭಾಗಕ್ಕೆ ಹೋಗಿ ಮಳೆಯ ಲೆಕ್ಕ, ಕೆರೆಗಳ ಲೆಕ್ಕ ತೆಗೆದರು. ಪ್ರವಾಹವನ್ನು ಊರಿಗೆ ಬರುವ ಮೊದಲೇ ಹಿಡಿದಿಡುವ ಜಲಾಶಯಗಳ ಸಲಹೆ ಕೊಟ್ಟರು. ಇಂದಿನ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆ ಆಲೋಚನೆಯ ಫಲ.

1909ರ ನವೆಂಬರ್‌ನಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರರಾದರು. 1911ರಲ್ಲಿ ಕನ್ನಂಬಾಡಿಯಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟೆಯ ಕೆಲಸ ಆರಂಭವಾಯಿತು. ಸಿಮೆಂಟು ಆಗ ದುಬಾರಿ, ದೇಶದೊಳಗೆ ತಯಾರಾಗುತ್ತಿದ್ದುದು ಅತ್ಯಲ್ಪ. ಸುಟ್ಟ ಜೇಡಿಮಣ್ಣಿನ ಪುಡಿಯನ್ನು ಸುಣ್ಣದೊಂದಿಗೆ ಅರೆದು ಮಾಡುವ ಸುರ್ಕಿ ಗಾರೆಯಿಂದ ಆ ಕಲ್ಲುಗಳು ಬೆಸೆದುಕೊಂಡವು. ಇದು ನಮ್ಮ ಹಳ್ಳಿಯ ಗಾರೆ ಕೆಲಸದವರಿಗೆ ತಲೆತಲಾಂತರದಿಂದ ಗೊತ್ತಿದ್ದ ವಸ್ತು. ನೀರಿನೊಳಗೂ ಗಟ್ಟಿಯಾಗುವ ಅದರ ಗುಣವನ್ನು ನಂಬಿ ಅಷ್ಟು ದೊಡ್ಡ ಕಟ್ಟೆಯನ್ನು ನಿಲ್ಲಿಸಿದ್ದು ಸಣ್ಣ ಧೈರ್ಯವಲ್ಲ.

ಅದೇ ಕಟ್ಟೆಯ ಇನ್ನೊಂದು ಸಂಗತಿಯನ್ನು ನಾನು ಕಿರಿಯ ಎಂಜಿನಿಯರುಗಳಿಗೆ ಹೇಳದೆ ಬಿಡುವುದಿಲ್ಲ. ಮದರಾಸು ಸರ್ಕಾರದ ಆಕ್ಷೇಪದಿಂದಾಗಿ ಮೊದಲ ಹಂತದಲ್ಲಿ ಕಟ್ಟೆಯನ್ನು 80 ಅಡಿ ಎತ್ತರಕ್ಕೆ ಮಾತ್ರ ಕಟ್ಟಲು ಒಪ್ಪಿಗೆ ದೊರೆಯಿತು. ಮೈಸೂರು ತಳಪಾಯವನ್ನು ಮಾತ್ರ ಪೂರ್ಣ ಎತ್ತರಕ್ಕೆ ಬೇಕಾಗುವಷ್ಟು ಅಗಲವಾಗಿಯೇ ಹಾಕಿತು. ಮುಂದೆ ಒಪ್ಪಂದವಾಗದಿದ್ದರೆ ಆ ಖರ್ಚು ದಂಡ. 1924ರಲ್ಲಿ ಎರಡು ಸರ್ಕಾರಗಳ ನಡುವೆ ಒಪ್ಪಂದವಾಯಿತು. ಕಟ್ಟೆ ಮೇಲೇರಿ 1930ರ ದಶಕದ ಆರಂಭದಲ್ಲಿ ಪೂರ್ಣಗೊಂಡಿತು. ನಾಳೆ ಬರುವ ಭಾರವನ್ನು ಇಂದೇ ಊಹಿಸಿ ತಳವನ್ನು ಅಗಲಿಸುವುದು ಎಂಜಿನಿಯರಿಂಗ್‌ನ ಅತ್ಯುನ್ನತ ವಿವೇಕ.

ಕನ್ನಂಬಾಡಿಯ ಕಲ್ಲು ಕೂರುತ್ತಿದ್ದ ಆ 1911ರಲ್ಲಿಯೇ ಲಂಡನ್ನಿನಲ್ಲಿ ಇನ್ನೊಂದು ಚಿಕ್ಕ ಕೆಲಸ ನಡೆಯಿತು. ಬ್ರಿಟಿಷ್ ವಸ್ತುಸಂಗ್ರಹಾಲಯದ ಗೋಡೆಗಳಿಗೆ ಘಾಸಿಯಾಗದಂತೆ ವಿದ್ಯುತ್ ಉಪಕರಣಗಳನ್ನು ಕೂರಿಸುವ ಹೊಣೆ ಜಾನ್ ಜೋಸೆಫ್ ರಾಲಿಂಗ್ಸ್ ಎಂಬ ಗುತ್ತಿಗೆದಾರನದಾಗಿತ್ತು. ಅದುವರೆಗೆ ಗೋಡೆಯನ್ನು ದೊಡ್ಡದಾಗಿ ಕೊರೆದು, ಮರದ ಬೆಣೆ ಬಡಿದು, ಅದರಲ್ಲಿ ತಿರುಪು ಹಾಕುವುದು ರೂಢಿ. ರಾಲಿಂಗ್ಸ್ ಸೆಣಬಿನ ನಾರನ್ನು ಅಂಟಿನಿಂದ ಬಿಗಿಗೊಳಿಸಿ ಪುಟ್ಟ ಕೊಳವೆಯೊಂದನ್ನು ಮಾಡಿದ. ತಿರುಪು ಒಳಹೊಕ್ಕಂತೆ ಅದು ಹಿಗ್ಗಿ ಗೋಡೆಯನ್ನು ಹಿಡಿಯುತ್ತಿತ್ತು. ನಮ್ಮ ಬಡಗಿಗಳ ಬಾಯಲ್ಲಿ ಇಂದಿಗೂ ಉಳಿದಿರುವ ರಾಲ್‌ಪ್ಲಗ್ ಎಂಬ ಮಾತು ಅವನ ಹೆಸರಿನದು. 1958ರಲ್ಲಿ ಜರ್ಮನಿಯ ಆರ್ಟುರ್ ಫಿಶರ್ ಅದನ್ನು ನೈಲಾನಿನಲ್ಲಿ ರೂಪಿಸಿದ. ಅವನ ಹೆಸರೂ ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ವಸ್ತುವಿನ ಹೆಸರೇ ಆಗಿಹೋಗಿದೆ. ಹಿಗ್ಗಿ ಹಿಡಿಯುವ ಅದೇ ತತ್ತ್ವ ಸುತ್ತಿಗೆಯ ಆ್ಯಂಕರ್‌ನಲ್ಲಿಯೂ ಇದೆ. ಆ ಶೋಧದ ಹುಟ್ಟಿಗೆ ಕಾರಣವಾದದ್ದು ಹಳೆಯ ಗೋಡೆಯ ಮೇಲಿನ ಕಾಳಜಿ ಎಂಬುದನ್ನು ಮಾತ್ರ ನಾವು ಮರೆತಿದ್ದೇವೆ.

ಮರೆತವರಲ್ಲಿ ನಾನೂ ಒಬ್ಬ. ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲ್ಲೂಕಿಗೇ ಸೇರಿತ್ತು. ಆ ಎರಡು ಊರುಗಳ ನಡುವಿನ ಹಳ್ಳಿಯೊಂದರ ಶಾಲೆಯಲ್ಲಿ ಪುಸ್ತಕ ಇಡಲು ಗೋಡೆಗೆ ಕಬ್ಬಿಣದ ಕಪಾಟು ಕೂರಿಸುವ ಸಣ್ಣ ಕಾಮಗಾರಿ. ನಾಲ್ಕು ಆ್ಯಂಕರ್‌ಗಳು, ನಾಲ್ಕೂ ಒಳ್ಳೆಯ ಗುಣಮಟ್ಟದವು. ಗೋಡೆ ನುಣ್ಣನೆಯ ಸಿಮೆಂಟ್ ಗಾರೆಯಿಂದ ಹೊಳೆಯುತ್ತಿತ್ತು. ನಾನು ಒಳಗೆ ಹೋಗಿ, ಕಪಾಟನ್ನು ಕಣ್ಣಿನಿಂದ ಅಳೆದು, ಅಳತೆ ಪುಸ್ತಕಕ್ಕೆ ಸಹಿ ಹಾಕಿದೆ. ಗೋಡೆಯನ್ನು ಒಮ್ಮೆಯೂ ತಟ್ಟಲಿಲ್ಲ. ಆ ಗಾರೆಯ ಹಿಂದೆ ಇದ್ದುದು ಮಣ್ಣಿನಲ್ಲಿ ಕಟ್ಟಿದ ಹಸಿ ಇಟ್ಟಿಗೆ. ಮಳೆಗಾಲದಲ್ಲಿ ಗೋಡೆ ನೀರು ಕುಡಿಯಿತು, ಪುಸ್ತಕಗಳ ಭಾರಕ್ಕೆ ಕಪಾಟು ಕಿತ್ತುಬಂತು. ಒಬ್ಬ ಹುಡುಗಿಯ ಮುಂಗೈ ಮುರಿಯಿತು.

ಮೂಳೆ ಕೂಡಿತು, ಹುಡುಗಿ ಓದು ಮುಂದುವರಿಸಿದಳು. ವಿಚಾರಣೆಯಲ್ಲಿ ಸಾಮಗ್ರಿ ನಿಗದಿತ ಗುಣಮಟ್ಟದ್ದೆಂದು ತೀರ್ಮಾನವಾಗಿ ಕಡತ ಮುಚ್ಚಿತು. ಆ್ಯಂಕರ್‌ಗಳ ಪರೀಕ್ಷೆಯಾಯಿತು, ಗೋಡೆಯ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಚನ್ನಗಿರಿಯ ಸಭೆಯಲ್ಲಿ ಆ ಹುಡುಗ ಆ್ಯಂಕರ್‌ನ ತಯಾರಕರನ್ನು ಬೈದಾಗ ನನಗೆ ನನ್ನದೇ ಮೌನ ನೆನಪಾಯಿತು. ಅವನಿಗೆ ಗೋಡೆಯನ್ನು ಓದಲು ಯಾರೂ ಕಲಿಸಿರಲಿಲ್ಲ. ನನಗೆ ಕಲಿಸಿದ್ದರು.

ನನ್ನ ಸೇವೆಯ ಬಹುಭಾಗ ಕಳೆದದ್ದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ತೀರ ಈಚೆಗೆ ಪ್ರತ್ಯೇಕ ತಾಲ್ಲೂಕಾಯಿತು. ಒಂದೇ ಜಿಲ್ಲೆಯಾದರೂ ಗೋಡೆಗಳು ಒಂದಲ್ಲ. ಹೊಳೆಯ ಬದಿಯ ಹಳ್ಳಿಗಳಲ್ಲಿ ಮಣ್ಣಿನ ಇಟ್ಟಿಗೆ, ಬರದ ಸೀಮೆಯ ಜಗಳೂರಿನಲ್ಲಿ ಮಣ್ಣಿನ ಗಾರೆಯ ಕಲ್ಲುಗೋಡೆ, ಅಡಕೆಯ ಆದಾಯ ಬಂದ ಊರುಗಳಲ್ಲಿ ಕಾಂಕ್ರೀಟು, ಹೊಸ ಬಡಾವಣೆಗಳಲ್ಲಿ ಟೊಳ್ಳು ಬ್ಲಾಕು. ಎಲ್ಲದರ ಮೇಲೂ ಒಂದೇ ಬಗೆಯ ಸಿಮೆಂಟಿನ ತೆಳು ಹೊದಿಕೆ. ಎಲ್ಲದಕ್ಕೂ ಅದೇ ಆ್ಯಂಕರ್, ಅದೇ ಎರಡು ಏಟು.

ಇದೇ ಸೀಮೆಯಲ್ಲಿ ಓದಲು ಬೇಕಾದ ಪಾಠಗಳೂ ಇವೆ. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ, ಜನರ ಬಾಯಲ್ಲಿ ಸೂಳೆಕೆರೆ, ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಗೆ ಏರಿ ಹಾಕಿ ಹರಿದ್ರಾ ಹೊಳೆಯನ್ನು ತಡೆದು ನಿಲ್ಲಿಸಿದ ಕೆರೆ. ವಿಸ್ತಾರವಾದ ಆ ಜಲರಾಶಿಗೆ ಹೋಲಿಸಿದರೆ ಏರಿ ಬಹಳ ಚಿಕ್ಕದು. ಭಾರವನ್ನು ಹೊತ್ತಿರುವುದು ಅದರ ಎರಡು ತುದಿಗಳಲ್ಲಿರುವ ಗುಡ್ಡಗಳು. ಶತಮಾನಗಳ ಹಿಂದೆ ಆ ಜಾಗವನ್ನು ಆರಿಸಿದವರು ಮೊದಲು ಗುಡ್ಡವನ್ನು ಓದಿದ್ದರು. ಸಂತೇಬೆನ್ನೂರಿನ ಪುಷ್ಕರಣಿಯ ಕಲ್ಲುಗಳಿಗೆ ಹಬ್ಬದ ದೀಪಕ್ಕಾಗಿ ಮೊಳೆ ಬಡಿಯಲು ಹೊರಡುವವರು ಇನ್ನೊಂದನ್ನು ನೆನಪಿಡಬೇಕು. ಕಲ್ಲಿನೊಳಗೆ ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಲ್ಲನ್ನೇ ಸೀಳುತ್ತದೆ. ಹಿಂದಿನವರು ಕಲ್ಲಿನಲ್ಲಿ ಕಬ್ಬಿಣದ ಕೊಂಡಿ ಕೂರಿಸುವಾಗ ಸುತ್ತಲೂ ಸೀಸ ಎರೆಯುತ್ತಿದ್ದುದು ಆ ಕಾರಣಕ್ಕಾಗಿಯೇ.

ವಿಶ್ವೇಶ್ವರಯ್ಯನವರ ಬದುಕಿಗೆ ಮರಳುತ್ತೇನೆ. 1912ರಲ್ಲಿ ಅವರು ಮೈಸೂರಿನ ದಿವಾನರಾದರು. ಆರು ವರ್ಷಗಳಲ್ಲಿ ಅವರು ಕಟ್ಟಿದ್ದನ್ನು ಪಟ್ಟಿಮಾಡುವುದೇ ಒಂದು ಕೆಲಸ. 1913ರಲ್ಲಿ ಮೈಸೂರು ಬ್ಯಾಂಕು ಮತ್ತು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, ಅದರ ಬೆನ್ನಲ್ಲೇ ಗಂಧದೆಣ್ಣೆ ಮತ್ತು ಸಾಬೂನಿನ ಕಾರ್ಖಾನೆಗಳು. ಒಂದು ಪುಟ್ಟ ಸಂಸ್ಥಾನದ ಗೋಡೆಯ ಮೇಲೆ ಇಷ್ಟೆಲ್ಲ ಹೊಸ ಭಾರಗಳು ಬಿದ್ದವು.

ಇಲ್ಲಿಯೇ ಒಂದು ಪ್ರಶ್ನೆ ಏಳುತ್ತದೆ. ಪೂಜೆಯ ಭರದಲ್ಲಿ ನಾವು ಅದನ್ನು ಕೇಳುವುದಿಲ್ಲ. ಆ ಕಾಲದ ಮೈಸೂರಿನ ಸರ್ಕಾರಿ ಸೇವೆ, ಅದರಲ್ಲಿಯೂ ಮೇಲ್ದರ್ಜೆಯ ಹುದ್ದೆಗಳು, ಬಹುಮಟ್ಟಿಗೆ ಒಂದೇ ಸಮುದಾಯದ ಕೈಯಲ್ಲಿದ್ದವು. ಉಳಿದವರಿಗೂ ಪಾಲು ಬೇಕೆಂಬ ಕೂಗು ಎದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಅರ್ಹತೆಯೊಂದೇ ನೇಮಕಕ್ಕೆ ಮಾನದಂಡವಾಗಬೇಕೆಂಬುದು ವಿಶ್ವೇಶ್ವರಯ್ಯನವರ ದೃಢ ನಿಲುವು. ಹಿಂದುಳಿದವರಿಗೆ ಶಿಕ್ಷಣ, ವಿದ್ಯಾರ್ಥಿವೇತನಗಳ ಮೂಲಕ ನೆರವಾಗುವುದಕ್ಕೆ ಅವರ ವಿರೋಧವಿರಲಿಲ್ಲ. ಹುದ್ದೆಗಳಲ್ಲಿ ಪಾಲು ನಿಗದಿಮಾಡುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಆ ವರ್ಷದ ಕೊನೆಯಲ್ಲಿ ಅವರು ದಿವಾನಗಿರಿಯನ್ನು ಬಿಟ್ಟರು. ಮರುವರ್ಷ ಮಿಲ್ಲರ್ ಸಮಿತಿ ಮೀಸಲಾತಿಯ ಪರವಾಗಿ ವರದಿ ಕೊಟ್ಟಿತು.

ಅವರ ಪ್ರಾಮಾಣಿಕತೆಯನ್ನು ಯಾರೂ ಶಂಕಿಸಲಾರರು. ನಂಬಿದ ತತ್ತ್ವಕ್ಕಾಗಿ ಅಧಿಕಾರ ತೊರೆದವರು ನಮ್ಮಲ್ಲಿ ವಿರಳ. ಆದರೂ ಅವರ ಕೆಲಸವನ್ನೇ ಅಳತೆಗೋಲಾಗಿ ಇಟ್ಟುಕೊಂಡ ನನಗೆ ಹೀಗೆ ಅನ್ನಿಸುತ್ತದೆ. ಕನ್ನಂಬಾಡಿಯಲ್ಲಿ ನಾಳಿನ ಎತ್ತರಕ್ಕಾಗಿ ತಳಪಾಯವನ್ನು ಇಂದೇ ಅಗಲಿಸಿದ ದೂರದೃಷ್ಟಿ, ಸಮಾಜವೆಂಬ ಕಟ್ಟಡದ ವಿಷಯದಲ್ಲಿ ಅವರ ನೆರವಿಗೆ ಬರಲಿಲ್ಲ. ತಳ ಕಿರಿದಾಗಿದ್ದ ಆಡಳಿತದ ಮೇಲೆ ಆಧುನಿಕ ಸಂಸ್ಥಾನದ ಭಾರವನ್ನು ಹೇರಿದರೆ ಬಿರುಕು ಅನಿವಾರ್ಯ. ಆ ತಳವನ್ನು ಅಗಲಿಸಬೇಕೆಂದು ಕಂಡುಕೊಂಡವರು ಅರಸರು. ಅರ್ಹತೆ ಎಂಬುದೂ ಒಂದು ಆ್ಯಂಕರ್ ಇದ್ದಂತೆ. ಅದು ಯಾವ ಗೋಡೆಯಲ್ಲಿ ಕೂತಿದೆ, ಆ ಗೋಡೆಗೆ ಯಾರ ಮನೆಯಲ್ಲಿ ಎಷ್ಟು ತಲೆಮಾರು ನೀರು ಹಾಕಿ ಬಲಿಸಿದ್ದಾರೆ ಎಂಬುದನ್ನು ಕೇಳದೆ ಅದರ ಬಲವನ್ನು ಅಳೆಯಲಾಗದು. ಈ ಮಾತಿನಿಂದ ಅವರ ಎತ್ತರ ಕುಗ್ಗುವುದಿಲ್ಲ. ತಟ್ಟಿ ನೋಡಿದ ಗೋಡೆಯ ಮೇಲೆ ನಮಗೆ ವಿಶ್ವಾಸ ಹೆಚ್ಚುವಂತೆ, ಪರಿಶೀಲಿಸಿದ ಮೇಲೂ ಉಳಿಯುವ ಗೌರವವೇ ಗಟ್ಟಿಯಾದದ್ದು.

ಅಧಿಕಾರ ಬಿಟ್ಟ ಮೇಲೂ ಅವರು ಸುಮ್ಮನಿರಲಿಲ್ಲ. ಚನ್ನಗಿರಿಗೆ ನೆರೆಯ ಭದ್ರಾವತಿಯಲ್ಲಿ ಅವರ ಕಾಲದಲ್ಲಿಯೇ ರೂಪುಗೊಂಡಿದ್ದ ಕಬ್ಬಿಣದ ಕಾರ್ಖಾನೆ 1923ರ ಆರಂಭದಲ್ಲಿ ಉತ್ಪಾದನೆಗೆ ತೊಡಗಿದಾಗ ಜಾಗತಿಕ ಬೆಲೆಕುಸಿತಕ್ಕೆ ಸಿಕ್ಕಿ ನಷ್ಟದಲ್ಲಿತ್ತು. ಅರಸರ ಕೋರಿಕೆಯಂತೆ ಅವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ 1929ರವರೆಗೆ ದುಡಿದು, ಖರ್ಚನ್ನು ಹಿಡಿತಕ್ಕೆ ತಂದು, ಸ್ಥಳೀಯರನ್ನು ತರಬೇತುಗೊಳಿಸಿ ಕಾರ್ಖಾನೆಯನ್ನು ನಿಲ್ಲಿಸಿದರು. ಆ ಸೇವೆಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ತಮಗಾಗಿ ಇಟ್ಟುಕೊಳ್ಳಲಿಲ್ಲ. ಯುವಕರಿಗೆ ಕೈಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ಅದು ಸಲ್ಲಲಿ ಎಂದು ಬಯಸಿದರು. ಅದಕ್ಕೆ ತಮ್ಮ ಹೆಸರು ಬೇಡವೆಂದರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಆ ಬಯಕೆಯ ಫಲ.

ಅವರ ಜೀವನದ ಈ ಪ್ರಸಂಗ ನನಗೆ ಅಣೆಕಟ್ಟಿನಷ್ಟೇ ದೊಡ್ಡದಾಗಿ ಕಾಣುತ್ತದೆ. ಡ್ರಿಲ್ ಹಿಡಿಯುವ ಕೈಗೆ ಶಿಕ್ಷಣ ಬೇಕೆಂದು ದೇಶದ ಅತ್ಯುನ್ನತ ಎಂಜಿನಿಯರ್ ಮನಗಂಡಿದ್ದರು. ನಮ್ಮ ತಾಲ್ಲೂಕುಗಳಲ್ಲಿ ಸಾವಿರಾರು ಹುಡುಗರು ಇಂದು ಆ ಯಂತ್ರ ಹಿಡಿದಿದ್ದಾರೆ. ಬಿಸಿನೀರಿನ ಸೌರ ಫಲಕ, ನೀರಿನ ಟ್ಯಾಂಕು, ಟೀವಿ, ಅಂಗಡಿಯ ನಾಮಫಲಕ ಎಲ್ಲವೂ ಅವರ ಎರಡು ಏಟುಗಳ ಮೇಲೆ ನಿಂತಿವೆ. ಅವರಿಗೆ ಯಂತ್ರ ಕೊಂಡುಕೊಳ್ಳಲು ಸಾಲ ಸಿಗುತ್ತದೆ. ಗೋಡೆ ಓದುವುದನ್ನು ಕಲಿಸುವ ವಾರದ ತರಬೇತಿ ಸಿಗುವುದು ಕಷ್ಟ.

1955ರಲ್ಲಿ ವಿಶ್ವೇಶ್ವರಯ್ಯನವರಿಗೆ ಭಾರತರತ್ನ ದೊರೆಯಿತು. ತೊಂಬತ್ತರ ವಯಸ್ಸಿನಲ್ಲಿಯೂ ಬಿಹಾರದ ಗಂಗಾನದಿಯ ಸೇತುವೆಗೆ ಸ್ಥಳ ಆರಿಸುವ ಸಮಿತಿಯಲ್ಲಿ ದುಡಿದರು. 1962ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಅವರಿಗೆ ನೂರು ದಾಟಿತ್ತು. ಅವರ ಸಮಾಧಿ ಹುಟ್ಟೂರು ಮುದ್ದೇನಹಳ್ಳಿಯಲ್ಲಿದೆ.

ಚನ್ನಗಿರಿಯ ಆ ಸಭೆಯಲ್ಲಿ ನಾನು ಮಾತನಾಡಲು ಎದ್ದಾಗ ಗಾಜಿನ ಚೂರುಗಳನ್ನು ಗುಡಿಸುತ್ತಿದ್ದ ಹುಡುಗನನ್ನು ವೇದಿಕೆಗೆ ಕರೆದೆ. ತಪ್ಪು ಅವನೊಬ್ಬನದಲ್ಲವೆಂದು ಹೇಳಿದೆ. ಸುತ್ತಿಗೆಯ ಹಿಡಿಯಿಂದ ಗೋಡೆಯನ್ನು ತಟ್ಟುತ್ತ ಸಾಗಿದೆವು. ಒಂದು ಕಡೆ ಟೊಳ್ಳು ಸದ್ದು, ಒಂದು ಕಡೆ ಗಟ್ಟಿ ಸದ್ದು. ಸಭಿಕರೂ ಕಿವಿಗೊಟ್ಟು ಕೇಳಿದರು. ವೇದಿಕೆಯ ಹಿಂದಿನ ಗಾರೆ ಬಹುಪಾಲು ಇಟ್ಟಿಗೆಯನ್ನು ಬಿಟ್ಟಿರುವುದು ತಿಳಿಯಿತು. ಆ ಗೋಡೆಯನ್ನು ದುರಸ್ತಿ ಮಾಡುವವರೆಗೆ ಚಿತ್ರವನ್ನು ಮೇಜಿನ ಮೇಲಿಡುವುದೆಂದು ಸಂಘಟಕರು ತೀರ್ಮಾನಿಸಿದರು. ಶಾಲೆಯ ಆ ಕಪಾಟಿನ ಕಥೆಯನ್ನು ಮಾತ್ರ ಅಂದು ಹೇಳಲು ನನಗೆ ಬಾಯಿ ಬರಲ್ಲಿಲ್ಲ. ಅದನ್ನು ಈಗ ಹೇಳಿದ್ದೇನೆ.

ಮುಂದಿನ ಸೆಪ್ಟೆಂಬರ್ 15ರಂದು ಹಾರ ತುರಾಯಿಗಳ ಖರ್ಚಿನಲ್ಲಿ ಒಂದು ಪಾಲನ್ನು ಉಳಿಸಿ, ಪ್ರತಿ ತಾಲ್ಲೂಕಿನಲ್ಲಿಯೂ ಹತ್ತು ಶಾಲೆಗಳ ಗೋಡೆಗಳನ್ನು ತಟ್ಟಿ ನೋಡುವ ಕೆಲಸವನ್ನು ನಮ್ಮ ಎಂಜಿನಿಯರುಗಳು ಹಮ್ಮಿಕೊಳ್ಳಲಿ. ಜೊತೆಗೆ ಆ ಹುಡುಗರನ್ನೂ ಕರೆದುಕೊಂಡು ಹೋಗಲಿ. ಚನ್ನಗಿರಿಯಲ್ಲಿ ಚಿತ್ರ ಇನ್ನೂ ಮೇಜಿನ ಮೇಲೆಯೇ ಇದೆಯೆಂದು ಆ ಹುಡುಗ ಮೊನ್ನೆ ಫೋನಿನಲ್ಲಿ ತಿಳಿಸಿದ. ದುರಸ್ತಿಯಾದ ಮೇಲೆ ತಾನೇ ಕೂರಿಸುವುದಾಗಿಯೂ, ಕೂರಿಸುವ ಮೊದಲು ನನ್ನನ್ನು ಕರೆಯುವುದಾಗಿಯೂ ಹೇಳಿದ. ನಾನು ಹೋಗುತ್ತೇನೆ.